ಮುಬಿನ ಕೂರುವ ಜಾಗ

ತಾಲ್ಲೂಕು ಕಚೇರಿಯ ಕಾಂಪೌಂಡಿನಲ್ಲಿ, ಬೇವಿನ ಮರದ ಕೆಳಗೆ ಟೇಬಲ್ ಹಾಕಿಕೊಂಡು ಮುಬಿನ ಹದಿನಾರು ವರ್ಷದಿಂದ ಮಂದಿಯ ಅರ್ಜಿ ಬರೆದುಕೊಡುತ್ತಿದ್ದಳು. ಹುಟ್ಟಿದ್ದು ಅಗರಖೇಡದಲ್ಲಿ, ಲಗ್ನವಾಗಿ ಈ ಊರಿಗೆ ಬಂದವಳು. ಅಕ್ಷರ ದುಂಡಗೆ, ಮಾತು ಖಡಕ್ಕು. ಪೇಟೆಯಲ್ಲಿ ಹೆಂಗಸರಿಗೆಂದು ಒಂದು ಶೌಚಾಲಯವೂ ಇರಲಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಂಡು ಕೂರುವುದು ಆಕೆಗೆ ರೂಢಿಯಾಗಿಬಿಟ್ಟಿತ್ತು.

ಹೋದ ಬೇಸಿಗೆಯಲ್ಲಿ ಶೆಟ್ಟೆವ್ವ ಎಂಬ ಮುದುಕಿ, ಪಿಂಚಣಿ ನಿಂತುಹೋಗಿದೆಯೆಂದು ಹಳ್ಳಿಯಿಂದ ಬಂದು ಪಾಳಿ ಹಚ್ಚಿ ಸಾಲಿನಲ್ಲಿ ನಿಂತಿದ್ದಳು. ಮೂರು ತಾಸು ತಡೆದಳು. ಆಮೇಲೆ ನಿಂತಲ್ಲೇ ಸೀರೆ ಒದ್ದೆಯಾಯಿತು. ಹಿಂದಿದ್ದವರು ಸರಿದು ನಿಂತರು, ಯಾರೋ ನಕ್ಕರು. ಮುಬಿನ ಓಡಿಹೋಗಿ ತನ್ನ ಓಢಣಿ ಹೊದಿಸಿದಳು.

"ಹೋಗಬೇಕಂದ್ರರ ಎಲ್ಲಿಗಿ ಹೋಗಲೆವ್ವಾ?" ಎಂದು ಮುದುಕಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅವತ್ತು ಮುಬಿನ ಮೊದಲ ಸಲ ತನ್ನ ಹೆಸರಿನಲ್ಲೇ ಒಂದು ಅರ್ಜಿ ಬರೆದಳು. ಈ ಪೇಟೆಯಲ್ಲಿ ಹೆಂಗಸರ ಶೌಚಾಲಯ ಎಲ್ಲಿದೆ, ಮಾಹಿತಿ ಹಕ್ಕಿನಡಿ ತಿಳಿಸಬೇಕು.

ತಿಂಗಳ ಮೇಲೆ ಉತ್ತರ ಬಂತು. ಕಟ್ಟಿ ನಾಲ್ಕು ವರ್ಷವಾಗಿದೆ, ಸುಸ್ಥಿತಿಯಲ್ಲಿದೆ, ದಿನವೂ ಬಳಕೆಯಾಗುತ್ತಿದೆ! ಜೊತೆಗೊಂದು ನಕ್ಷೆ. ಕಚೇರಿಯ ಗೇಟಿನಿಂದ ಎಡಕ್ಕೆ, ಬೇವಿನ ಮರಕ್ಕೆ ಹೊಂದಿಕೊಂಡು. ಆಕೆ ನಕ್ಷೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಾಗದದ ಪ್ರಕಾರ ಶೌಚಾಲಯ ಇದ್ದದ್ದು ತಾನು ಕೂತ ಜಾಗದಲ್ಲೇ.

ನಕ್ಷೆ ಹಿಡಿದು ಸೀದಾ ತಹಶೀಲ್ದಾರ್ ಸಾಹೇಬರ ಮುಂದೆ ನಿಂತಳು. ಅವರು ಓದಿದರು, ಕೆಮ್ಮಿದರು.

"ನಾ ಬರೂಕಿಂತ ಮೊದಲಿನ ಫೈಲ್ ಇದು. ಮತ್ತ ನೀವರ ಅಲ್ಲಿ ಯಾಕ ಟೇಬಲ್ ಹಾಕೀರಿ? ಅತಿಕ್ರಮಣ ಆಗತೈತಿ. ತೆಗೀರಿ, ಇಲ್ಲಾಂದ್ರ ನೋಟೀಸ್ ಕೊಡಬೇಕಾಗತೈತಿ."

ಇಲ್ಲದ ಶೌಚಾಲಯವನ್ನು ತಾನು ಅತಿಕ್ರಮಿಸಿದಂತಾಯಿತೆ? ಮುಬಿನ ನಕ್ಷೆಯನ್ನು ಮತ್ತೆ ಅವರತ್ತ ಸರಿಸಿದಳು.

"ತೆಗೀತೇನ್ರಿ ಸಾಹೇಬ್ರ," ಎಂದಳು. "ಮೊದಲ ಅದರ ಬಾಗಲಾ ಎಲ್ಲೈತಿ ತೋರಸ್ರಿ. ಪಾಳಿಯಾಗಿನ ಹೆಣ್ಣಮಕ್ಕಳು ಈಗ ಹೋಗಬೇಕಂತಾರ."

ಸಾಹೇಬರು ಕಿಟಕಿಯತ್ತ ನೋಡಿದರು. ಪಾಳಿಯ ಹೆಂಗಸರೆಲ್ಲ ಇತ್ತಲೇ ನೋಡುತ್ತಿದ್ದರು. ಸಾಹೇಬರು ಡ್ರಾವರ್ ಎಳೆದು, ಸಿಬ್ಬಂದಿ ಶೌಚಾಲಯದ ಕೀಲಿಕೈ ತೆಗೆದು ಮೇಜಿನ ಮೇಲಿಟ್ಟರು.

ಅಂದಿನಿಂದ ಆ ಕೀಲಿಕೈ ಮುಬಿನಳ ಬಳಿಯೇ ಇದೆ. ಬಂದ ಹೆಂಗಸರು ಕೇಳಿ ಒಯ್ಯುತ್ತಾರೆ. ಹೊಸ ಶೌಚಾಲಯ ಕಟ್ಟಿಸಿರೆಂದು ಆಕೆ ಮೇಲಿನ ಕಚೇರಿಗೂ ಬರೆದಳು. ಹೋದ ವಾರ ಅದಕ್ಕೂ ಉತ್ತರ ಬಂತು. ಮುಬಿನ ಅದನ್ನು ಎರಡು ಸಲ ಓದಿ, ಸುತ್ತ ನಿಂತವರಿಗೂ ಗಟ್ಟಿಯಾಗಿ ಓದಿ ಹೇಳಿದಳು.

'ಬೇವಿನ ಮರದ ಬಳಿಯ ಸದರಿ ಶೌಚಾಲಯದ ದುರಸ್ತಿ ಕಾಮಗಾರಿ ಪೂರ್ಣಗೊಂಡಿದೆ.'