ಕ್ಲಿಪ್ಪು ಕೇಳಿಕೊಂಡು ಬಂದ ಒದಿಲೋನ್

ಒದಿಲೋನ್ ಮೊದಲ ಸಲ ನಮ್ಮ ಅಂಗಳಕ್ಕೆ ಬಂದ ದಿನ ನಾನು ಬಟ್ಟೆ ಒಣಗಲು ಹಾಕುತ್ತಿದ್ದೆ. ಒಂದು ಕಾಲು ಎಳೆದು ನಡೆಯುವ, ಕಂಕುಳಲ್ಲಿ ಕಾಗದದ ಕಟ್ಟು ಹಿಡಿದ ಆಸಾಮಿ. ನನ್ನ ಮುಖ ನೋಡುವ ಮೊದಲು ಹಗ್ಗ ನೋಡಿದ.

"ಅಕ್ಕ, ಈ ಕ್ಲಿಪ್ಪೆಲ್ಲ ನಿಮ್ಮವಾ?"

"ಮತ್ತೆ? ಪಾದ್ರಿಯವಾ?"

"ಸಂಜೆವರೆಗೆ ಕೊಟ್ಟಿರಿ. ದೇವರ ಕೆಲಸಕ್ಕೆ."

ದೇವರ ಹೆಸರು ಎತ್ತಿದ ಮೇಲೆ ಇಲ್ಲ ಅನ್ನುವುದು ಹೇಗೆ? ಅವನು ಮುಂದಿನಿಂದ ಒಂದೊಂದೇ ಕಿತ್ತುಕೊಳ್ಳುತ್ತ ಹೋದ, ನಾನು ಹಿಂದಿನಿಂದ ಬಟ್ಟೆಯನ್ನು ಹಗ್ಗದ ಮೇಲೆ ಮಡಚಿ ಹಾಕುತ್ತ ಬಂದೆ. ನಮ್ಮ ಸಾನ್ ಪ್ಲಾಸಿದೊ ಬೆಟ್ಟದ ನೆತ್ತಿಯ ಊರು. ಮಧ್ಯಾಹ್ನದ ಗಾಳಿಗೆ ನಮ್ಮ ಮೇಲೆ ಕರುಣೆಯಿಲ್ಲ. ಅವನು ಬೀದಿಯ ತಿರುವು ದಾಟುವಷ್ಟರಲ್ಲಿ ನನ್ನ ಗಂಡ ಎರಾಸ್ತೊನ ಬಿಳಿ ಅಂಗಿ ಪಕ್ಕದ ಮನೆಯ ಹಂದಿಗಳ ನಡುವೆ ಬಿದ್ದಿತ್ತು. ಆ ದಿನದ ಮೆರವಣಿಗೆಗೆಂದೇ ಒಗೆದ ಅಂಗಿ.

ಎರಾಸ್ತೊ ಊರಿನ ಬ್ಯಾಂಡಿನಲ್ಲಿ ಟ್ಯೂಬಾ ಊದುತ್ತಿದ್ದ, ಹೆಗಲಿಗೆ ಸುತ್ತಿಕೊಳ್ಳುವ ಆ ದೊಡ್ಡ ಹಿತ್ತಾಳೆ ಕಹಳೆ. ನಮ್ಮ ಕಡೆ ಮಕ್ಕಳು ಅಕ್ಷರಕ್ಕಿಂತ ಮೊದಲು ಸ್ವರ ಓದಲು ಕಲಿಯುತ್ತಾರೆ. ನನ್ನಂಥ ನಾಲ್ಕು ಹೆಂಗಸರನ್ನು ಬಿಟ್ಟರೆ ಊರಿಗೆ ಊರೇ ಹಾಳೆ ನೋಡಿ ಊದುವವರು. ಹಾಗಾಗಿ ಹಾಳೆ ಬರೆದುಕೊಡುವವನೊಬ್ಬ ಬೇಕೇ ಬೇಕು. ಹಳೆಯ ಬರಹಗಾರ ತೀರಿಕೊಂಡಿದ್ದ. ಒದಿಲೋನ್ ಅಲ್ಲಿಯವರೆಗೆ ಓಹಾಕ ಪಟ್ಟಣಕ್ಕೆ ಜನರನ್ನು ಸಾಗಿಸುವ ಪಿಕಪ್ ಓಡಿಸುತ್ತಿದ್ದವನು. ಕಾಲು ಮುರಿದು ಮನೆಯಲ್ಲಿ ಬಿದ್ದಿದ್ದಾಗ ಯಾರೋ ಕೊಟ್ಟ ಹಳೆಯ ಕಂಪ್ಯೂಟರಿನಲ್ಲಿ ಸ್ವರ ಬರೆಯುವುದನ್ನು ಕಲಿತಿದ್ದ. ಆ ದಿನದವು ಅವನ ಮೊದಲ ಹಾಳೆಗಳು. ಗಾಳಿಗೆ ಹಾರದಿರಲೆಂದು ಒಂದೊಂದು ವಾದ್ಯಕ್ಕೂ ನನ್ನ ಕ್ಲಿಪ್ಪು ಸಿಕ್ಕಿಸಿದ್ದ.

ಹಾಳೆಗಳೇನೋ ಹಾರಲಿಲ್ಲ. ಆದರೆ ಯಂತ್ರ ಕೊಟ್ಟದ್ದನ್ನು ಅವನು ಇದ್ದ ಹಾಗೆಯೇ ಅಚ್ಚು ಹಾಕಿದ್ದ. ಸ್ವರಗಳು ಬೆಲ್ಲ ಕಂಡ ಇರುವೆಗಳ ಹಾಗೆ ಒಂದರ ಮೇಲೊಂದು. ಟ್ಯೂಬಾದ ಹಾಳೆಯಂತೂ ಸರಿಯಾಗಿ ಊದುವುದು ಜೋರಾಗುವಲ್ಲೇ ಮುಗಿದುಹೋಗಿತ್ತು, ಮುಂದಿನದು ಹಿಂಬದಿಯಲ್ಲಿ. ಎರಡೂ ಕೈ ವಾದ್ಯದ ಮೇಲಿದ್ದ ಎರಾಸ್ತೊ ಊದುವುದನ್ನು ನಿಲ್ಲಿಸಿದ, ಕ್ಲಿಪ್ಪು ಬಿಚ್ಚಿದ, ಹಾಳೆ ತಿರುಗಿಸಿದ, ಮತ್ತೆ ಕ್ಲಿಪ್ಪು ಹಾಕಿದ. ಸಂತನ ಮೂರ್ತಿ ಹೊತ್ತವರು ಟ್ಯೂಬಾದ ಸದ್ದಿಗೇ ಹೆಜ್ಜೆ ಹಾಕುವವರು. ಎತ್ತಿದ ಕಾಲು ಎತ್ತಿದ ಹಾಗೇ ನಿಂತುಬಿಟ್ಟರು. ಹಿಂದೆ ಪ್ರಾರ್ಥನೆ ಹೇಳುತ್ತ ಬರುತ್ತಿದ್ದ ಪಾದ್ರಿ ಸಂತನ ಪೀಠಕ್ಕೆ ಮೂಗು ಜಜ್ಜಿಕೊಂಡರು.

ಸಂಜೆ ಕ್ಲಿಪ್ಪು ಹಿಂದಿರುಗಿಸಲು ಬಂದವನನ್ನು ಎರಾಸ್ತೊ ಎದುರಿಗೆ ಕೂರಿಸಿಕೊಂಡ. ಹಂದಿ ವಾಸನೆಯ ಅಂಗಿ ಇನ್ನೂ ಮೈಮೇಲೇ ಇತ್ತು.

"ತಮ್ಮಾ, ನಂಗೆ ಕೈ ಎಷ್ಟು?"

"ಎರಡು, ಅಣ್ಣ."

"ನಿನ್ನ ಕಂಪ್ಯೂಟರಿಗೆ ಹೇಳಿದ್ಯಾ ಅದನ್ನ?"

"ಅದು ಕೇಳ್ಲಿಲ್ಲ."

"ಕೇಳಲ್ಲ ಅದು. ಅದಕ್ಕೆ ಕೈಯೂ ಇಲ್ಲ, ಹಂದಿಗಳ ನಡುವೆ ಬಿದ್ದ ಅಂಗಿನೂ ಇಲ್ಲ. ನೀನೇ ಹೇಳ್ಬೇಕು."

ಅಂದಿನಿಂದ ಒದಿಲೋನ್ ಯಂತ್ರದ ಮಾತು ಕೇಳುವುದನ್ನು ಬಿಟ್ಟ. ಹಾಳೆ ಮುಗಿಯುವ ಜಾಗದಲ್ಲಿ ಊದುವವನಿಗೆ ಬಿಡುವು ಇರಲೇಬೇಕು. ಇಲ್ಲದಿದ್ದರೆ ಸಾಲುಗಳನ್ನು ಹಿಗ್ಗಿಸಿ ಕುಗ್ಗಿಸಿ ಬಿಡುವನ್ನು ಅಲ್ಲಿಗೆ ಎಳೆದು ತರುತ್ತಿದ್ದ. ಕಣ್ಣು ಮಂಜಾದವರಿಗೆ ಸ್ವರಗಳು ಜೋಳದ ಕಾಳಿನ ಗಾತ್ರ. ಅಚ್ಚಾದ ಹಾಳೆಯನ್ನು ಗೋಡೆಗೆ ಅಂಟಿಸಿ, ಅದರ ಮುಂದೆ ಕುಂಟುತ್ತ ಅತ್ತಿಂದಿತ್ತ ನಡೆದುಕೊಂಡೇ ಓದುತ್ತಿದ್ದ. ನಡೆಯುವಾಗ ಓದಲು ಬಾರದ್ದು ನಮ್ಮ ಮನೆಗೆ ಬರುತ್ತಿತ್ತು, ಒಲೆಗೆ. ಎಷ್ಟೋ ದಿನ ನನ್ನ ತೊರ್ತಿಯ ರೊಟ್ಟಿ ಬೆಂದದ್ದು ಅವನ ತಪ್ಪುಗಳ ಮೇಲೆ.

ಅವನಿಗೊಂದು ಚಾಳಿಯಿತ್ತು. ಬ್ಯಾಂಡಿನಲ್ಲಿ ಕೆಲವರು ಊದುವಾಗ ಉಳಿದವರು ಸುಮ್ಮನಿರಬೇಕು, ಸುಮ್ಮನಿದ್ದು ಎಣಿಸುತ್ತಿರಬೇಕು. ಹೊಲದಿಂದ ನೇರ ಬಂದವರು ಎಣಿಸುತ್ತಾರೆಯೇ? ತೂಕಡಿಸುತ್ತಾರೆ. ಬೇರೆ ಬರಹಗಾರರು ಅಂಥಲ್ಲಿ ಪಕ್ಕದವನ ಸ್ವರವನ್ನು ಪುಟ್ಟದಾಗಿ ಬರೆದು ಎಚ್ಚರಿಸುತ್ತಾರೆ. ಒದಿಲೋನ್ ಪಕ್ಕದವನನ್ನೇ ಬರೆಯುತ್ತಿದ್ದ. ಕ್ಲಾರಿನೆಟ್ಟಿನ ಹಾಳೆಯಲ್ಲಿ: "ನಿಕಾಂದ್ರೊ ಮೀಸೆ ಒರೆಸಿಕೊಂಡ ತಕ್ಷಣ ನೀವು." ನಗಾರಿಯವನ ಹಾಳೆಯಲ್ಲಿ: "ಏಳು, ಬೆಳಗಾಯಿತು." ಟ್ರಂಪೆಟ್ ಊದುವ ನಿಕಾಂದ್ರೊ ನನ್ನ ತಂಗಿಯ ಮಗ. ತನ್ನ ಹಾಳೆಯಲ್ಲಿ ಇಂಥದ್ದೇನೂ ಇಲ್ಲವೆಂದು ಅವನು ಜಂಬಪಡುತ್ತಿದ್ದ. ತಾನು ಮೀಸೆ ಮುಟ್ಟಿದಾಗಲೆಲ್ಲ ಕ್ಲಾರಿನೆಟ್ಟಿನವರು ಯಾಕೆ ಬೆನ್ನು ನೆಟ್ಟಗೆ ಮಾಡುತ್ತಾರೆ ಎಂಬುದು ಅವನಿಗೆ ತಿಳಿಯಲು ವರ್ಷಗಳು ಬೇಕಾದವು. ಒಬ್ಬೊಬ್ಬರ ಮುಂದೆ ಅವರವರ ಪಾಲು ಮಾತ್ರ ಇರುತ್ತದಲ್ಲ. ಎಲ್ಲರ ಪಾಲೂ ಒಟ್ಟಿಗೆ ಕಾಣುವುದು ದೊಡ್ಡ ಹಾಳೆಯಲ್ಲಿ. ಅದು ಒದಿಲೋನನ ಹತ್ತಿರ.

ಎರಾಸ್ತೊ ಹೊಲಕ್ಕೆ ಹೋಗುವಾಗ ಶಿಳ್ಳೆ ಹಾಕುತ್ತಿದ್ದ ಒಂದು ಮಟ್ಟು ಇತ್ತು. ಅವನೇ ಕಟ್ಟಿದ್ದು, ಬರೆದಿಟ್ಟಿರಲಿಲ್ಲ. ಅವನು ತೀರಿಕೊಂಡು ಕೆಲವು ವಾರವಾಗಿರಬೇಕು. ಒಂದು ಬೆಳಿಗ್ಗೆ ಒದಿಲೋನ್ ಕಂಪ್ಯೂಟರನ್ನು ಕಂಬಳಿಯಲ್ಲಿ ಸುತ್ತಿ ತಂದು ನನ್ನ ಅಡುಗೆಮನೆಯ ಮೇಜಿನ ಮೇಲಿಟ್ಟ.

"ಅಕ್ಕ, ಅಣ್ಣನ ಶಿಳ್ಳೆ ಗುನುಗು."

"ನಂಗೆ ಅಕ್ಷರ ಓದೋದೇ ಕಷ್ಟ, ಇನ್ನು ಸ್ವರ ಎಲ್ಲಿಂದ ತರ್ಲಿ?"

"ಓದು ಅಂದ್ನಾ? ಗುನುಗು ಅಂದೆ. ಇಷ್ಟು ವರ್ಷ ಕಿವೀಲಿ ಹತ್ತಿ ಇಟ್ಕೊಂಡು ಸಂಸಾರ ಮಾಡಿದ್ಯಾ?"

ಗುನುಗಿದೆ. ಅವನು ಒಂದೊಂದೇ ಒತ್ತಿದ. ಯಂತ್ರ ಅದನ್ನು ತಿರುಗಿ ನುಡಿಸಿತು, ಮೂಗು ಕಟ್ಟಿದ ಕೋಳಿಯ ಹಾಗೆ.

"ಇದು ಅವನದ್ದಲ್ಲ," ಅಂದೆ.

"ಸ್ವರ ಎಲ್ಲ ಸರಿ ಇದೆಯಲ್ಲ."

"ಇಲ್ಲಿ ಅವ್ನು ಉಸಿರು ತಗೋತಿದ್ದ. ಏರು ಹತ್ತೋ ಜಾಗ ಅದು. ನಿನ್ನ ಡಬ್ಬ ಉಸಿರೇ ಆಡಲ್ಲ."

ಅವನು ಅಲ್ಲೊಂದು ಉಸಿರಿನ ಗುರುತು ಹಾಕಿದ. ಮತ್ತೆ ನುಡಿಸಿದ, ನಾನು ಮತ್ತೆ ತಲೆಯಾಡಿಸಿದೆ. ಹೀಗೆ ಎಷ್ಟೋ ಬೆಳಗುಗಳು ಕಳೆದವು. ನಡುವೆ ಒಂದು ಕಡೆ ಎರಾಸ್ತೊ ಶಿಳ್ಳೆ ನಿಲ್ಲಿಸಿ ಕತ್ತೆಯನ್ನು ಗದರುತ್ತಿದ್ದ. ಅದನ್ನು ಹೇಳಿದಾಗ ಒದಿಲೋನ್ ಅಲ್ಲಿ ಒಂದಿಷ್ಟು ಎಣಿಕೆ ಖಾಲಿ ಬಿಟ್ಟ. ವಾದ್ಯಗಳೆಲ್ಲ ನಿಂತು, ಊದುವವರು ಒಂದು ಕೂಗು ಹಾಕುವುದು ನಮ್ಮ ಬ್ಯಾಂಡುಗಳ ರೂಢಿ. ಆ ಕೂಗನ್ನೂ ಹಾಳೆಯಲ್ಲಿ ಬರೆದಿರುತ್ತಾರೆ. ಅಭ್ಯಾಸದಲ್ಲಿ ಮಾತ್ರ ಯಾರೂ ಕೂಗುವುದಿಲ್ಲ. ಅದು ಸಂತನ ಪಾಲು, ಹಬ್ಬದ ದಿನಕ್ಕೆ ಎತ್ತಿಡುವುದು.

"ಕತ್ತೆ ಜಾಗದಲ್ಲಿ ಸದ್ಯಕ್ಕೆ 'ಹೋಯ್' ಅಂತಿರ್ಲಿ," ಎಂದ. ಮೇಲೆ ದೊಡ್ಡದಾಗಿ ಎರಾಸ್ತೊನ ಹೆಸರು ಹಾಕಿದ. ಅಷ್ಟನ್ನು ನಾನೇ ಓದಿಕೊಂಡೆ.

ಎರಾಸ್ತೊ ತೀರಿಕೊಂಡು ವರ್ಷ ತುಂಬುವುದು ಸಂತನ ಹಬ್ಬದ ವಾರದಲ್ಲೇ. ಹಬ್ಬದ ಚೌಕದಲ್ಲಿ, ಅವನ ಹೆಸರು ಹಿಡಿದು, ಆ ಮಟ್ಟು ನುಡಿಸಬೇಕು. ನನಗೆ ಇದ್ದ ಆಸೆ ಅದೊಂದೇ.

ನಮ್ಮ ಹಬ್ಬಕ್ಕೆ ಕೆಳಗಿನ ಊರು ಸಾಂತಾ ಬ್ರಿಖಿದಾದ ಬ್ಯಾಂಡು ಬರುತ್ತದೆ, ಅವರ ಹಬ್ಬಕ್ಕೆ ನಮ್ಮದು ಹೋಗುತ್ತದೆ. ಮುಯ್ಯಿ ಆಳಿನ ಹಾಗೆ. ಬಂದವರು ಮೊದಲು ನುಡಿಸಬೇಕು. ಒಬ್ಬರು ನುಡಿಸಿದ್ದನ್ನು ಆ ಹಬ್ಬದಲ್ಲಿ ಇನ್ನೊಬ್ಬರು ಮುಟ್ಟುವಂತಿಲ್ಲ. ಇನ್ನು ಹಾಳೆ ಕೇಳಿದರೆ ಇಲ್ಲ ಅನ್ನುವಂತಿಲ್ಲ, ಆದರೆ ಪಡೆದವರು ಮೇಲಿನ ಹೆಸರನ್ನು ಹಾಗೇ ಉಳಿಸಬೇಕು.

ಅವರ ಬ್ಯಾಂಡಿನ ಯಜಮಾನ ಅಬುಂದಿಯೊ. ತನ್ನವರು ಹಾಳೆಯಲ್ಲಿದ್ದದ್ದನ್ನು ಚುಕ್ಕೆ ಬಿಡದೆ ನುಡಿಸುತ್ತಾರೆ ಎಂಬುದು ಅವನ ದೊಡ್ಡ ಜಂಬ. "ನಮ್ಮೋರು ಹಾಳೆ ಮೇಲೆ ನೊಣ ಕೂತ್ರೆ ಅದನ್ನೂ ಊದ್ತಾರೆ," ಎಂದು ಹೇಳಿಕೊಂಡು ತಿರುಗುತ್ತಿದ್ದ. ನಿಕಾಂದ್ರೊನ ಹೆಂಡತಿ ಅವರ ಊರಿನವಳು. ಅಬುಂದಿಯೊ ಕೇಳಿದ, ನಿಕಾಂದ್ರೊ ಎರಾಸ್ತೊನ ಮಟ್ಟಿನ ಹಾಳೆಗಳನ್ನು ಫೋನಿನಲ್ಲಿ ಫೋಟೊ ಹಿಡಿದು ಕಳಿಸಿದ. ಅದರಲ್ಲಿ ತಪ್ಪಿಲ್ಲ. ಹಬ್ಬ ಹತ್ತಿರ ಬಂದಾಗ ಮಾವನ ಮನೆಗೆ ಹೋದ ನಿಕಾಂದ್ರೊ ಬಾಡಿದ ಮುಖ ಹೊತ್ತು ವಾಪಸಾದ.

"ದೊಡ್ಡಮ್ಮ, ಅವ್ರು ದೊಡ್ಡಪ್ಪನ ಹೆಸರು ಅಳಿಸಿಬಿಟ್ಟಿದ್ದಾರೆ. ಮೇಲೆ 'ಸಾಂತಾ ಬ್ರಿಖಿದಾದ ಹೆಮ್ಮೆ, ರಚನೆ ಅಬುಂದಿಯೊ' ಅಂತಿದೆ. ನಮ್ಮ ಹಬ್ಬದಲ್ಲಿ ಅದನ್ನೇ ಮೊದಲು ನುಡಿಸ್ತಾರಂತೆ."

ಅಂದರೆ ನಮ್ಮವರು ನುಡಿಸುವಂತೆಯೇ ಇಲ್ಲ. ನಾನು ಒಲೆ ಆರಿಸದೆಯೇ ಒದಿಲೋನನ ಮನೆಗೆ ನಡೆದೆ.

"ಹೋಗಿ ಜಗಳ ಆಡು," ಅಂದೆ.

"ಆಡಬಹುದು. ನಂದು ಅಂತಾನೆ ಅವ್ನು. ಅಲ್ಲ ಅಂತೀನಿ ನಾನು. ಪಾದ್ರಿ ಬಂದು ಇಬ್ರೂ ಸುಮ್ನಿರಿ ಅಂತಾರೆ. ಅಲ್ಲಿಗೆ ಮುಗೀತು. ಅಕ್ಕ, ಮನೇಲಿ ಬೇಯಿಸಿದ ಕಾಳು ಇದ್ಯಾ? ಹಸಿವು."

ಕಾಳು ತಂದುಕೊಟ್ಟೆ. ಬಟ್ಟಲು ನೆಕ್ಕಿ ಇಟ್ಟು, ಅವನು ಕಂಪ್ಯೂಟರಿನ ಮುಂದೆ ಕೂತ. ಎರಡು ದಿನ ಬಿಟ್ಟು ನಿಕಾಂದ್ರೊನ ಕೈಗೆ ಅಚ್ಚುಕಟ್ಟಾದ ಒಂದು ಕಟ್ಟು ಕೊಟ್ಟ.

"ಅಬುಂದಿಯೊಗೆ ಕೊಡು. ಅಂಥ ಬ್ಯಾಂಡು ಫೋಟೊ ನೋಡ್ಕೊಂಡು ಕಣ್ಣು ಕಿರಿದು ಮಾಡಿ ಊದೋದು ನಂಗೆ ಸಂಕಟ ಅನ್ನು. ಒಬ್ಬೊಬ್ರಿಗೂ ದೊಡ್ಡದಾಗಿ, ಚೊಕ್ಕವಾಗಿ ಮಾಡಿದ್ದೀನಿ. ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದೀನಿ, ಬೇಕಾದ್ದು ಬರ್ಕೊಳ್ಳಿ."

"ನಿಂಗೆ ತಲೆ ಕೆಟ್ಟಿದೆ," ಅಂದೆ.

"ಪಾಲು ಮಾತ್ರ ಕೊಟ್ಟೆ ಅಕ್ಕ. ದೊಡ್ಡ ಹಾಳೆ ಕೊಡ್ಲಿಲ್ವಲ್ಲ." ಅಷ್ಟು ಹೇಳಿ ಹಲ್ಲು ಕಿರಿದ. ಎಷ್ಟು ಕೆದಕಿದರೂ ಮುಂದೆ ಬಾಯಿ ಬಿಡಲಿಲ್ಲ.

ಹಬ್ಬದ ಮಧ್ಯಾಹ್ನ ಚೌಕ ತುಂಬಿತ್ತು. ಅಬುಂದಿಯೊ ಹೊಸ ಟೋಪಿ ಹಾಕಿಕೊಂಡು ಮೈಕಿನ ಮುಂದೆ ನಿಂತು, ಈಗ ನುಡಿಸುವುದು ತನ್ನ ಸ್ವಂತ ರಚನೆ ಎಂದು ಸಾರಿದ. ನಾನು ಮೊದಲ ಸಾಲಿನಲ್ಲಿ ಕೂತಿದ್ದೆ. ಒದಿಲೋನ್ ನನ್ನ ಪಕ್ಕದಲ್ಲಿ ತಮಾಲೆ ಕಡುಬಿನ ಎಲೆ ಬಿಚ್ಚುತ್ತಿದ್ದ.

ಚೆನ್ನಾಗಿ ನುಡಿಸಿದರು. ಇಲ್ಲ ಅನ್ನಲಾರೆ. ಏರು ಹತ್ತುವಲ್ಲಿ ಇಡೀ ಬ್ಯಾಂಡು ಒಟ್ಟಿಗೆ ಉಸಿರೆಳೆದುಕೊಂಡಿತು. ಆಮೇಲೆ ಕತ್ತೆಯ ಜಾಗ ಬಂತು. ವಾದ್ಯಗಳು ನಿಂತವು.

ಕ್ಲಾರಿನೆಟ್ಟಿನವರು ತಮ್ಮ ಹಾಳೆಯಲ್ಲಿದ್ದದ್ದನ್ನು ಕೂಗಿದರು: "ಎ."

ಸ್ಯಾಕ್ಸೋಫೋನಿನವರು ತಮ್ಮದನ್ನು ಕೂಗಿದರು: "ರಾಸ್."

ಟ್ರಂಪೆಟ್ಟು, ಟ್ಯೂಬಾ, ನಗಾರಿಯವರು ಒಟ್ಟಿಗೆ: "ತೊ."

ಅಬುಂದಿಯೊನ ಕೋಲು ಗಾಳಿಯಲ್ಲೇ ನಿಂತಿತು. ಬ್ಯಾಂಡು ನಿಲ್ಲಲಿಲ್ಲ. ಹಾಳೆಯಲ್ಲಿ ಮುಂದೆ ಸ್ವರವಿತ್ತು, ಊದಿದರು. ಮೊದಲಿಗೆ ಮರಳಿ ಎಂಬ ಗುರುತಿತ್ತು, ಮರಳಿದರು. ಮತ್ತೆ ಕತ್ತೆಯ ಜಾಗ ಹತ್ತಿರ ಬರುವಾಗ ಅವನು ಎರಡೂ ಕೈ ಬೀಸಿ ಬೇಡ ಬೇಡ ಎಂದ. ಆದರೆ ಹಾಳೆಯಿಂದ ಕಣ್ಣು ಕಿತ್ತವನನ್ನು ಬೈದು ಬೈದು ಅವರನ್ನು ಹಾಗೆ ಬೆಳೆಸಿದವನು ಅವನೇ. ಒಬ್ಬನೂ ತಲೆ ಎತ್ತಲಿಲ್ಲ. ಈ ಸಲದ್ದಕ್ಕೆ ಪಕ್ಕದಲ್ಲಿ "ಇನ್ನೂ ಜೋರು" ಎಂದು ಬರೆದಿತ್ತಂತೆ, ಇನ್ನೂ ಜೋರಾಗಿ ಕೂಗಿದರು. ಮೂರನೆಯ ಸಲ ಬಂದಾಗ ಚೌಕದ ಜನವೆಲ್ಲ ಸೇರಿಕೊಂಡಿತು. ಪಾದ್ರಿಯವರ ಬಾಯಿಯೂ ಆಡುತ್ತಿದ್ದುದನ್ನು ನಾನು ಕಂಡೆ.

ಕೊನೆಯ ಸ್ವರ ಮುಗಿದ ಮೇಲೆ ಇಡೀ ಬ್ಯಾಂಡು ಎದ್ದು ನಿಂತು ಟೋಪಿ ತೆಗೆಯಿತು. ಎಲ್ಲರ ಹಾಳೆಯ ಬುಡದಲ್ಲೂ ಅದು ಬರೆದಿತ್ತು. ಸಂತನಿಗೆ ಗೌರವ ಇರಬೇಕು ಎಂದುಕೊಂಡಿದ್ದರಂತೆ. ಚೌಕದಲ್ಲಿ ಟೋಪಿ ಹಾಕಿಕೊಂಡು ಉಳಿದವನು ಅಬುಂದಿಯೊ ಒಬ್ಬನೇ. ಅವನು ಒಮ್ಮೆ ಬ್ಯಾಂಡನ್ನು ನೋಡಿದ, ಒಮ್ಮೆ ನನ್ನನ್ನು ನೋಡಿದ. ಆಮೇಲೆ ಅವನೂ ತೆಗೆದ. ಮೈಕಿನ ಹತ್ತಿರ ಹೋಗಿ, "ಇದು ಟ್ಯೂಬಾದ ಎರಾಸ್ತೊನದು," ಎಂದಷ್ಟೇ ಹೇಳಿ ಇಳಿದುಬಂದ.

ಊಟ ನನ್ನ ಮನೆಯಲ್ಲೇ. ಅತಿಥಿ ಬ್ಯಾಂಡಿನ ಯಜಮಾನನಿಗೆ ಟರ್ಕಿ ಕೋಳಿಯ ತೊಡೆ ಬಡಿಸದೆ ಇರಲಾಗುತ್ತದೆಯೇ? ಬಡಿಸಿದೆ. ಒದಿಲೋನ್ ಅವನ ಎದುರಿಗೇ ಕೂತ.

"ಅಬುಂದಿಯೊ ಅಣ್ಣ, ನಿಮ್ಮೋರ ಹಾಗೆ ಓದೋ ಬ್ಯಾಂಡು ಈ ಬೆಟ್ಟದಲ್ಲೇ ಇಲ್ಲ. ನಮ್ಮೋರಿಗೆ ಕೊಟ್ಟಿದ್ರೆ ಅರ್ಧ ಜನ ಮರೀತಿದ್ರು."

ಅಬುಂದಿಯೊ ಮೂಳೆ ಚೀಪಿ ತಟ್ಟೆಗೆ ಹಾಕಿದ. "ಮುಂದಿನ ಸಲ ದೊಡ್ಡ ಹಾಳೆನೂ ಕೊಡಪ್ಪ," ಎಂದ. ಮೊದಲು ನಕ್ಕವನು ಅವನ ನಗಾರಿಯವನು, ಆಮೇಲೆ ಅವನೇ.

ಆ ಹಬ್ಬದಲ್ಲಿ ನಮ್ಮವರು ಆ ಮಟ್ಟು ನುಡಿಸಲಿಲ್ಲ. ನುಡಿಸುವುದು ಏನೂ ಉಳಿದಿರಲೂ ಇಲ್ಲ.

ಮುಂದಿನ ಮಳೆಗಾಲದಲ್ಲಿ ಒದಿಲೋನನ ಎದೆಗೆ ನೀರು ತುಂಬಿತು. ಆ ಕಾಯಿಲೆಯಲ್ಲೇ ಹೋದ. ಅದಕ್ಕೆ ಎರಡು ದಿನ ಮುಂಚೆ ನಾನು ಸಾರು ತೆಗೆದುಕೊಂಡು ಹೋದಾಗ ಹಾಸಿಗೆಯಲ್ಲಿ ದಿಂಬಿಗೆ ಒರಗಿ, ತೊಡೆಯ ಮೇಲೆ ಕಂಪ್ಯೂಟರ್ ಇಟ್ಟುಕೊಂಡಿದ್ದ. ನನ್ನ ಕೈಗೆ ಒಂದು ಹಾಳೆ ಕೊಟ್ಟ. ಅದರಲ್ಲಿ ಬರೀ ಬಿಡುವು. ಕೊನೆಯ ಹತ್ತಿರ ಒಂದು ಖಾಲಿ ಜಾಗ.

"ಏನಿದು?"

"ನಿನ್ನ ಪಾಲು. ನನ್ನನ್ನ ಗುಡ್ಡದ ಸ್ಮಶಾನಕ್ಕೆ ಹೊತ್ಕೊಂಡು ಹೋಗುವಾಗ ನುಡಿಸೋದು."

"ನಾನು ಯಾವ ವಾದ್ಯ ನುಡಿಸ್ತೀನಿ?"

"ಬಾಯಿ. ಅದಕ್ಕಿಂತ ಜೋರಿನ ವಾದ್ಯ ಊರಲ್ಲಿಲ್ಲ. ಒಂದೇ ಪುಟಕ್ಕೆ ಕೂರಿಸಿದ್ದೀನಿ, ತಿರುಗಿಸೋ ಕಾಟ ಇಲ್ಲ. ಕ್ಲಿಪ್ಪು ಮಾತ್ರ ನಿಂದೇ ತಗೊಂಡು ಬಾ."

"ಹಾಳು ಮಾತು ಬಿಡು, ಸಾರು ಕುಡಿ."

ಎರಡು ಚಮಚ ಕುಡಿದ. ಬೆರಳುಗಳನ್ನು ಕಂಪ್ಯೂಟರಿನ ಮೇಲೆ ಸಿದ್ಧವಾಗಿಟ್ಟುಕೊಂಡು ನನ್ನ ಮುಖ ನೋಡಿದ.

"ಎಲ್ರ ಕೂಗೂ ಬರ್ದಾಯ್ತು, ನಿಂದೊಂದೇ ಬಾಕಿ. ದೊಡ್ಡ ಅಕ್ಷರದಲ್ಲಿ ಹಾಕ್ತೀನಿ, ಓದೋಕೆ ತೊಂದ್ರೆ ಆಗಲ್ಲ. ಏನಂತ ಕೂಗ್ತೀಯ, ಅಕ್ಕ?"