ಅಜ್ಜಿಯ ನೆತ್ತಿಯ ಮೇಲೆ ಕೂತ ಗುಡ್ಡ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಕಡೂರಿನ ನಮ್ಮ ಸ್ಟುಡಿಯೋಗೆ ಬಂದವರೆಲ್ಲ ಬಾಗಿಲಲ್ಲೇ ನಿಂತು ನೋಡಿ ನಗುವ ಒಂದು ಫೋಟೊ ಇದೆ. ಅದರಲ್ಲಿ ರೇಷ್ಮೆ ಸೀರೆಯುಟ್ಟು ಗಂಭೀರವಾಗಿ ಕೂತ ಅಜ್ಜಿಯ ನಡುನೆತ್ತಿಯಿಂದ ಒಂದು ಗುಡ್ಡ ಎದ್ದು ನಿಂತಿದೆ. ಅದಕ್ಕೆ ಕಾರಣ ನಾನು. ಕ್ಯಾಮೆರಾದ ತಪ್ಪಲ್ಲ, ಗುಡ್ಡದ ತಪ್ಪಂತೂ ಅಲ್ಲವೇ ಅಲ್ಲ. ಒಂದು ಡಬ್ಬಿ ಅಕ್ಕಿರೊಟ್ಟಿಯ ಆಸೆಗೆ ಲೆನ್ಸನ್ನು ಮನೆಯಲ್ಲೇ ಬಿಟ್ಟು ಬೆಟ್ಟ ಹತ್ತಿದ ಜಾಣ ನಾನೇ.

ಆ ಸ್ಟುಡಿಯೋದಲ್ಲಿ ನಾನು ಸೆಕೆಂಡ್ ಕ್ಯಾಮೆರಾ. ಅಂದರೆ ಮದುವೆಯಲ್ಲಿ ಮೊದಲನೇ ಕ್ಯಾಮೆರಾ ಮದುಮಕ್ಕಳನ್ನು ಹಿಡಿಯುತ್ತಿದ್ದರೆ, ನಾನು ಪಂಕ್ತಿಯಲ್ಲಿ ಬಾಯಿ ತುಂಬ ಹೋಳಿಗೆ ಇಟ್ಟುಕೊಂಡವರನ್ನು ಹಿಡಿಯುತ್ತಿರುತ್ತೇನೆ. ಊರು ಚೌಳಹಿರಿಯೂರು. ದಿನಾ ಬಸ್ಸಿನಲ್ಲಿ ಬರುತ್ತೇನೆ. ಇಳಿಯುವಷ್ಟರಲ್ಲಿ ಕಂಡಕ್ಟರನ ಗಂಟಲು ನನ್ನ ಗಂಟಲೊಳಗೆ ಬಂದು ಕೂತಿರುತ್ತದೆ. ಯಾರ ಮಾತನ್ನಾದರೂ ಎರಡು ಸಲ ಕೇಳಿದರೆ ಸಾಕು, ಮೂರನೆಯ ಸಲ ಅದನ್ನು ಅವರಿಗೇ ಒಪ್ಪಿಸುವುದು ನನ್ನ ಕೆಟ್ಟ ಚಾಳಿ. ಸ್ಟುಡಿಯೋದ ಮಾಲೀಕರನ್ನು ಅಣ್ಣ ಅನ್ನುತ್ತೇನೆ. ಅವರ ದನಿ ಅವರಿಗಿಂತ ನನಗೇ ಚೆನ್ನಾಗಿ ಬರುತ್ತದೆ: "ಗಲ್ಲ ಸ್ವಲ್ಪ ಮೇಲೆ... ಭುಜ ಇಳಿಸಿ... ನಗಿ ಸಾರ್, ಮದುವೆ ನಿಮ್ದೇ!" ಒಮ್ಮೆ ಫೋನಿನಲ್ಲಿ ಆ ದನಿ ಮಾಡಿ, ಅಣ್ಣನ ತಾಯಿಯಿಂದಲೇ ಬೋಂಡಾ ಕರಿಸಿಕೊಂಡಿದ್ದೆ. ಬೋಂಡಾ ಬಂದವು, ಜೊತೆಗೆ ಮಾತೂ ಬಂತು: "ನನ್ ಮಗ ಯಾವತ್ತೂ ಇಷ್ಟು ಮರ್ಯಾದೆಯಾಗಿ ಕೇಳಿಲ್ಲ ಕಣೋ ಕೋತಿ. ಅಲ್ಲೇ ಗೊತ್ತಾಯ್ತು." ಆ ಅಜ್ಜಿಯೇ ಫೋಟೊದಲ್ಲಿರುವ ಅಜ್ಜಿ.

ಸ್ಟುಡಿಯೋದ ಒಳಕೋಣೆಯಲ್ಲಿ ಒಂದು ಹಳೆಯ ಪರದೆಯಿತ್ತು. ಹಿಮದ ಬೆಟ್ಟ, ನೀಲಿ ಕೆರೆ, ದಡದಲ್ಲಿ ಕೆಂಪು ಹೆಂಚಿನ ಪುಟ್ಟ ಮನೆ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಎಷ್ಟೋ ಮಂದಿ ಮೈಮೇಲೊಂದು ಸ್ವೆಟರೂ ಇಲ್ಲದೆ ಆ ಹಿಮದ ಮುಂದೆ ನಿಂತು ಬಂದಿದ್ದಾರೆ. ಗಂಡಿನ ಮನೆಗೆ ಕಳಿಸುವ ಹುಡುಗಿಯ ಫೋಟೊ ಅಲ್ಲೇ, ಅವಳ ಕೂಸಿನ ಫೋಟೊವೂ ಅಲ್ಲೇ. ಅಜ್ಜಿ ಮಾತ್ರ ಒಂದು ದಿನವೂ ಅದರ ಮುಂದೆ ಕೂತವರಲ್ಲ.

"ಆ ಐಸ್ ಮುಂದೆ ನಾನ್ ಕೂರಲ್ಲ. ನಾನೇನು ಐಸ್‌ಕ್ಯಾಂಡಿ ಮಾರೋಳಾ?"

ಆದರೆ ಅಜ್ಜಿಗೆ ಒಂದು ಭಯವಿತ್ತು. ಅವರದೊಂದು ಫೋಟೊ ಅಂತ ಇದ್ದದ್ದು ಆಧಾರ್ ಕಾರ್ಡಿನಲ್ಲಿ ಮಾತ್ರ. ಅದನ್ನು ಆಗಾಗ ಸೊಂಟದ ಚೀಲದಿಂದ ತೆಗೆದು ನಮಗೆ ತೋರಿಸುತ್ತಿದ್ದರು.

"ನೋಡು, ಇದ್ರಲ್ಲಿ ಕೋಳಿ ಕದ್ದು ಸಿಕ್ಕಿಬಿದ್ದೋಳ ಥರ ಇದೀನಿ. ನಾಳೆ ನಾನ್ ಹೋದ್ಮೇಲೆ ಇದನ್ನೇ ದೊಡ್ದು ಮಾಡ್ಸಿ ಹಾರ ಹಾಕ್ತೀಯ, ನಂಗೊತ್ತು. ಬಂದೋರು ಹಾರ ನೋಡ್ತಾರೋ, ಕೋಳಿ ಎಲ್ಲಿ ಅಂತ ಹುಡುಕ್ತಾರೋ? ಊರೋರ್ದೆಲ್ಲ ತೆಗೀತೀಯ, ಹೆತ್ತೋಳ್ದು ಒಂದು ಫೋಟೊ ಇಲ್ಲ."

"ನೀನು ಕೂತ್ಕೊಂಡ್ರೆ ತಾನೇ ಅಮ್ಮ?"

"ನಮ್ ಗುಡ್ಡದ ಮುಂದೆ ಆದ್ರೆ ಕೂತ್ಕೋತೀನಿ."

ನಮ್ಮ ಗುಡ್ಡ ಅಂದರೆ ಕೆಮ್ಮಣ್ಣುಗುಂಡಿಯ ಆಚೆಯ ಒಂದು ಶಿಖರ. ಅಜ್ಜಿಯ ಅಪ್ಪ ಅಲ್ಲಿ ಅದಿರು ತೆಗೆಯುವ ಕೆಲಸಕ್ಕಿದ್ದರಂತೆ. ಹುಡುಗಿಯಾಗಿದ್ದಾಗ ಅಜ್ಜಿ ದಿನಾ ಆ ಗುಡ್ಡದ ಮಗ್ಗುಲಿನಿಂದ ಸೌದೆ ತರುತ್ತಿದ್ದರಂತೆ. ಈಗ ಅವರ ಮಂಡಿ ಸ್ಟುಡಿಯೋದ ಮೂರು ಮೆಟ್ಟಿಲಿಗೇ ಮುಷ್ಕರ ಹೂಡುತ್ತದೆ. ಅಜ್ಜಿ ಗುಡ್ಡಕ್ಕೆ ಹೋಗಲಾರರು. ಹಾಗಾಗಿ ಗುಡ್ಡವನ್ನೇ ಕಡೂರಿಗೆ ತರುತ್ತೇನೆ ಎಂದು ಅಣ್ಣ ಹಟ ಹಿಡಿದರು. ಶಿಖರದ ಫೋಟೊ ತೆಗೆದು, ತರೀಕೆರೆಯಲ್ಲಿ ಬಟ್ಟೆಯ ಮೇಲೆ ಪ್ರಿಂಟ್ ಹಾಕಿಸಿ, ಹಿಮದ ಪರದೆಯ ಜಾಗದಲ್ಲಿ ಅದನ್ನು ಕಟ್ಟುವುದು. ಅದರ ಮುಂದೆ ಮೊದಲು ಕೂರುವವರು ಅಜ್ಜಿ.

ಈಗ ಲೆನ್ಸಿನ ವಿಷಯ. ನಮ್ಮಲ್ಲಿ ಲೆನ್ಸುಗಳನ್ನು ನಂಬರಿನಿಂದ ಕರೆಯುವ ಪದ್ಧತಿ ಇಲ್ಲ. ಗಿಡ್ಡದ್ದು, ಎದುರಿಗಿರುವುದನ್ನೆಲ್ಲ ಬಾಚಿಕೊಳ್ಳುವುದು, ಛತ್ರದ ಲೆನ್ಸು; ಇಡೀ ಛತ್ರದ ಜನ, ಚಪ್ಪರ, ಬಾಳೆಕಂಬ ಎಲ್ಲ ಅದರೊಳಗೆ ಬರುತ್ತವೆ. ಉದ್ದನೆಯದು ತಾಳಿ ಲೆನ್ಸು. ತಾಳಿ ಕಟ್ಟುವ ಹೊತ್ತಿಗೆ ಹಿರಿಯರೆಲ್ಲ ಮದುಮಕ್ಕಳನ್ನು ಸುತ್ತುವರಿದು ನಮಗೆ ಬೆನ್ನು ತೋರಿಸುತ್ತಾರಲ್ಲ, ಆಗ ದೂರದಲ್ಲಿ ಕುರ್ಚಿ ಹತ್ತಿ ಆ ಬೆನ್ನುಗಳ ಸಂದಿಯಿಂದ ತಾಳಿಯನ್ನು ಎಳೆದು ತರುವುದು ಅದೇ.

"ಬೆಟ್ಟಕ್ಕೆ ಯಾವ್ದು ತಗೊಳ್ಳೋಣ ಅಣ್ಣ?"

"ಛತ್ರದ ಲೆನ್ಸ್‌ಗೆ ಬೆಟ್ಟ ಹುತ್ತದಷ್ಟು ಆಗ್ತದೆ. ತಾಳಿ ಲೆನ್ಸ್‌ಗೆ ಎದೆ ಮೇಲೇ ಬಂದು ಕೂತ್ಕೋತದೆ. ಎರಡೂ ಇಟ್ಕೋ, ಅಲ್ಲಿ ಹೋಗಿ ನೋಡೋಣ."

ಬೆಳಗ್ಗೆ ಅಣ್ಣನ ಮನೆಯಿಂದ ಹೊರಡುವಾಗ ಅಜ್ಜಿ ಸ್ಟೀಲ್ ಡಬ್ಬಿಯ ತುಂಬ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿ ಕೊಟ್ಟರು. ಕ್ಯಾಮೆರಾ ಚೀಲದಲ್ಲಿ ಜಾಗವಿರಲಿಲ್ಲ. ಛತ್ರದ ಲೆನ್ಸು ಮಲಗಿದ್ದ ಮೆತ್ತನೆಯ ಗೂಡು ಮಾತ್ರ ಆ ಡಬ್ಬಿಗೆಂದೇ ಹೊಲಿದಂತಿತ್ತು. ನಾನು ತರ್ಕ ಮಾಡಿದೆ: ಬೆಟ್ಟದಲ್ಲಿ ಚಪ್ಪರವಿಲ್ಲ, ಬೀಗರಿಲ್ಲ, ಯಾರನ್ನು ಬಾಚಿಕೊಳ್ಳಬೇಕು? ಲೆನ್ಸನ್ನು ಅಜ್ಜಿಯ ಖಾಲಿ ಅವಲಕ್ಕಿ ಡಬ್ಬದೊಳಗೆ ಭದ್ರವಾಗಿಟ್ಟು, ರೊಟ್ಟಿಯನ್ನು ಗೂಡಿನಲ್ಲಿ ಮಲಗಿಸಿದೆ.

ಬೀರೂರು, ಲಿಂಗದಹಳ್ಳಿ ದಾಟಿ ತಿರುವುಗಳನ್ನು ಏರಿ ಕೆಮ್ಮಣ್ಣುಗುಂಡಿ ಮುಟ್ಟಿದೆವು. ಬೈಕು ನಿಲ್ಲಿಸಿ ಬೆಟ್ಟದಂಚಿನ ಝಡ್ ಪಾಯಿಂಟ್ ಕಡೆಗೆ ನಡೆದೆವು. ಮಳೆ ಮುಗಿದ ಹೊಸತು. ಹುಲ್ಲು ಇನ್ನೂ ಒದ್ದೆ, ಒಂದು ಪಕ್ಕ ಗೋಡೆಯಂಥ ಗುಡ್ಡ, ಇನ್ನೊಂದು ಪಕ್ಕ ಏನೂ ಇಲ್ಲ. ಗಾಳಿ ಅಣ್ಣನ ಹೊಟ್ಟೆಯ ಮೇಲಿನ ಅಂಗಿಯನ್ನು ಬಲೂನು ಮಾಡಿತ್ತು. ನನಗೋ, ಆ ಎತ್ತರಕ್ಕೆ ಬಾಯಿಯೇ ನಿಲ್ಲಲಿಲ್ಲ. ಕಂಡಕ್ಟರನಾಗಿ "ಯಾರ್ರೀ ಮೋಡದ ಹತ್ರ ಇಳ್ಕೊಳೋರು, ಬಾಗಿಲಿಗೆ ಬನ್ರೀ!" ಎಂದು ಕೂಗಿದೆ. ಕಣಿವೆಯೂ ಅದನ್ನೇ ಕೂಗಿತು. ಅಲ್ಲಿಯವರೆಗೆ ನನ್ನನ್ನು ಅಣಕಿಸುವವರು ಯಾರೂ ಸಿಕ್ಕಿರಲಿಲ್ಲ. ಖುಷಿಯಾಗಿ ಇನ್ನೂ ನಾಲ್ಕು ಸಲ ಕೂಗಿದೆ.

"ಲೇ, ಉಸಿರು ಉಳಿಸ್ಕೋ. ನಿನ್ನ ಹೊತ್ಕೊಂಡು ಇಳಿಯಕ್ಕೆ ನನ್ ಕೈಲಾಗಲ್ಲ" ಎಂದು ಅಣ್ಣ ಏದುಸಿರಿನಲ್ಲೇ ಗದರಿದರು. ಅವರ ಕಾಲಿಗೆ ಎರಡು ಜಿಗಣೆ ಹತ್ತಿದ್ದವು. "ಅಣ್ಣ, ನಗಿ, ಮದುವೆ ನಿಮ್ದೇ" ಅಂದೆ. ಕಲ್ಲೊಂದು ನನ್ನ ಕಿವಿಯ ಪಕ್ಕ ಹಾರಿಹೋಯಿತು.

ಕೊನೆಗೆ ಎದುರಿಗೆ ಅಜ್ಜಿಯ ಗುಡ್ಡ. ಹಸಿರು ಹುಲ್ಲು ಹೊದ್ದು, ಸೊಂಟಕ್ಕೆ ಕಾಡು ಸುತ್ತಿಕೊಂಡು, ನೆತ್ತಿಯಲ್ಲೊಂದು ತುಂಡು ಮೋಡ ಇಟ್ಟುಕೊಂಡು ನಿಂತಿತ್ತು. ಅದನ್ನು ನೋಡಿ ನಾನು ಮಾತು ಮರೆತದ್ದನ್ನು ಅಣ್ಣ ಈಗಲೂ ಬಂದವರಿಗೆಲ್ಲ ಹೇಳುತ್ತಾರೆ.

"ತುಂಬ ಹತ್ರ ಇದೆ ಕಣೋ. ಛತ್ರದ ಲೆನ್ಸ್ ಕೊಡು."

ನಾನು ಗೂಡಿನ ಜಿಪ್ಪು ಎಳೆದು, ಡಬ್ಬಿ ತೆಗೆದು, ಎರಡೂ ಕೈಯಲ್ಲಿ ಕೊಟ್ಟೆ. ಅಣ್ಣ ಮುಚ್ಚಳ ತೆಗೆದು ನೋಡಿದರು. ನನ್ನನ್ನು ನೋಡಿದರು. ಬೆಟ್ಟವನ್ನು ನೋಡಿದರು. ಆಮೇಲೆ ಅಲ್ಲೇ ಕಲ್ಲಿನ ಮೇಲೆ ಕೂತು ಮೂರು ರೊಟ್ಟಿ ತಿಂದರು. ಬೈಸಿಕೊಂಡಿದ್ದರೆ ವಾಸಿಯಿತ್ತು, ನನ್ನ ಪಾಲಿನದೂ ಹೋಯಿತು.

ಉಳಿದದ್ದು ತಾಳಿ ಲೆನ್ಸು. ಅದರಲ್ಲಿ ಗುಡ್ಡ ಪೂರ್ತಿ ಹಿಡಿಸಬೇಕಾದರೆ ನಾವು ಹಿಂದೆ ಸರಿಯಬೇಕು. ಮದುವೆಯಲ್ಲಿ ಜನರನ್ನು ಹಿಂದೆ ಹಿಂದೆ ತಳ್ಳುವ ಅಣ್ಣ, ಅವತ್ತು ತಾವೇ ಹಿಂದೆ ಹಿಂದೆ ನಡೆದರು. ನಾನು ಅವರ ದನಿಯಲ್ಲೇ, "ಇನ್ನೂ ಹಿಂದೆ ಸಾರ್... ಚಿಕ್ಕಪ್ಪನೋರು ಸ್ವಲ್ಪ ಹಿಂದೆ..." ಅನ್ನುತ್ತ ಅವರ ಬೆಲ್ಟು ಹಿಡಿದು, ಪ್ರಪಾತ ಎಲ್ಲಿದೆ ಎಂದು ನೋಡಿಕೊಂಡೆ. ಗುಡ್ಡ ಅಂತೂ ಇಂತೂ ಹಿಡಿಸಿತು. ಆದರೆ ಆಕಾಶಕ್ಕೂ ಅಕ್ಕಪಕ್ಕಕ್ಕೂ ಜಾಗವೇ ಇಲ್ಲ, ಇಡೀ ಚೌಕಟ್ಟು ಗುಡ್ಡವೇ. ಅಷ್ಟರಲ್ಲಿ ನೆತ್ತಿಯ ಮೋಡ ಸರಿಯಿತು. ಇನ್ನೊಂದು ದೊಡ್ಡ ಮೋಡ ಕಣಿವೆಯಿಂದ ಏರತೊಡಗಿತ್ತು.

"ತುದೀನ ಎಲ್ಲಿಡ್ಲೋ? ಪಕ್ಕಕ್ಕಾ?"

"ಅಣ್ಣ, ಇವತ್ತು ಗುಡ್ಡನೇ ಮದುಮಗ. ಮಧ್ಯಕ್ಕೇ ಇಡಿ!"

ಮದುಮಗ ಎಂದ ಕೂಡಲೆ ಅಷ್ಟು ವರ್ಷ ಪಳಗಿದ ಕೈ ತಾನಾಗಿ ಮಧ್ಯಕ್ಕೆ ಹೋಯಿತು. ಕ್ಲಿಕ್. ಮರುಗಳಿಗೆಗೆ ಎಲ್ಲ ಬಿಳಿ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಫೋಟೊ ನೋಡಿಕೊಂಡು ನಾವಿಬ್ಬರೂ ಹುಚ್ಚರ ಹಾಗೆ ಕುಣಿದೆವು. ಅದರ ಮುಂದೆ ಒಬ್ಬರು ಕೂರಬೇಕು ಎನ್ನುವುದು ಇಬ್ಬರಿಗೂ ಹೊಳೆಯಲಿಲ್ಲ. ಮದುವೆ ಫೋಟೊದವರು ನಾವು, ಮದುಮಗನ ಮುಂದೆ ಯಾರಾದರೂ ಬಂದು ಕೂರುತ್ತಾರೆಂದು ಯೋಚಿಸಿ ಗೊತ್ತೇ?

ತರೀಕೆರೆಯಿಂದ ಪರದೆ ಬಂತು. ಕಟ್ಟಿದೆವು. ಅಜ್ಜಿ ರೇಷ್ಮೆ ಸೀರೆಯುಟ್ಟು, ಮೂರು ಮೆಟ್ಟಿಲನ್ನು ಮೂರು ದೇವರ ಹೆಸರು ಹೇಳಿ ಏರಿ ಬಂದರು. ಪರದೆಯ ಹತ್ತಿರ ಹೋಗಿ ಗುಡ್ಡದ ಮಗ್ಗುಲನ್ನು ಬೆರಳಿನಿಂದ ಮುಟ್ಟಿದರು. "ಇಲ್ಲೇ ದಾರಿ ಇದ್ದಿದ್ದು" ಅಂದರು. ಆಮೇಲೆ ಸ್ಟೂಲಿನ ಮೇಲೆ ಕೂತರು.

ಅಣ್ಣ ಕ್ಯಾಮೆರಾದೊಳಗೆ ಕಣ್ಣಿಟ್ಟರು. ಹಾಗೇ ನಿಂತರು. ನಾನೂ ನೋಡಿದೆ. ಅಜ್ಜಿಯ ನೆತ್ತಿಯ ಮೇಲೆ, ನೆಟ್ಟಗೆ, ಕಿರೀಟದ ಹಾಗೆ ಗುಡ್ಡ.

ಎಬ್ಬಿಸಿ ನಿಲ್ಲಿಸಿದೆವು; ಗುಡ್ಡದ ತುದಿಯೇ ಮಾಯ. ಎಡಕ್ಕೆ ಸರಿಸಿದೆವು, ಗುಡ್ಡ ಬಲಗಿವಿಯಿಂದ ಹೊರಟಿತು. ಬಲಕ್ಕೆ ಸರಿಸಿದರೆ ಎಡಗಿವಿ. ಮಣೆ ಹಾಕಿ ನೆಲಕ್ಕೆ ಕೂರಿಸಿದರೆ ಕಿರೀಟ ಇನ್ನೂ ಎತ್ತರವಾಯಿತು. ಅಣ್ಣ ಬೆವರು ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ಛತ್ರದ ಲೆನ್ಸ್ ಇದ್ದಿದ್ರೆ ಸುತ್ತ ಜಾಗ ಬಿಟ್ಟು ತೆಗೀಬೋದಿತ್ತು. ರೊಟ್ಟಿ ತಗೊಂಡ್ ಬಂದ, ರೊಟ್ಟಿ!"

"ತಿಂದಿದ್ದು ನೀವು ಅಣ್ಣ."

"ಅಮ್ಮ, ಇದು ಬೇಡ. ಭಾನುವಾರ ಮತ್ತೆ ಹೋಗಿ ಬತ್ತೀವಿ. ಹೊಸ ಪರದೆ ಮಾಡಿಸ್ತೀನಿ. ಅಲ್ಲೀವರೆಗೂ ತಡ್ಕೋ."

"ಎಷ್ಟು ಭಾನುವಾರ ತಡ್ಕೊಳ್ಲಿ? ಅವಲಕ್ಕಿ ಡಬ್ಬದಾಗೆ ಆ ಗಾಜಿನ ಗಡಿಗೆ ಇಟ್ಟೋನು ಇವನೇ ತಾನೇ? ಇವನನ್ನೇ ಕರ್ಕೊಂಡು ಹೋಗ್ತೀಯ. ಮುಂದಿನ ಸಲ ಕ್ಯಾಮೆರಾನೇ ಬಿಟ್ಟು ಹೋಗ್ತಾನೆ" ಅಂದರು ಅಜ್ಜಿ. ಹೇಳಿದ್ದು ನನ್ನದೇ ದನಿಯನ್ನು ಅಣಕಿಸುತ್ತ. ಚೆನ್ನಾಗಿಯೇ ಬಂತು, ನನಗೆ ಸಿಟ್ಟು ಬರುವಷ್ಟು.

ಆಗ ಮಾತ್ರ, ನನ್ನ ಆಯಸ್ಸಿನಲ್ಲಿ ಮೊದಲ ಸಲ, ತಮಾಷೆ ಬಿಟ್ಟು ಹೇಳಿದೆ: "ತಪ್ಪು ನಂದೇ ಅಜ್ಜಿ. ಆದ್ರೆ ಇದನ್ನ ಗೋಡೆಗೆ ಹಾಕಿದ್ರೆ ಜನ ನಗ್ತಾರೆ. ಗುಡ್ಡ ತಲೆ ಮೇಲೆ ಹೊತ್ಕೊಂಡಂಗೆ ಕಾಣ್ತೀರ."

ಅಜ್ಜಿ ಸ್ಟೂಲಿನ ಮೇಲೆ ಇನ್ನಷ್ಟು ನೆಟ್ಟಗಾದರು. ಸೆರಗು ಸರಿಮಾಡಿಕೊಂಡರು. ಯಾರೂ ಹೇಳಿಕೊಡದೆ ಗಲ್ಲ ಸ್ವಲ್ಪ ಮೇಲೆತ್ತಿ, ಕ್ಯಾಮೆರಾವನ್ನೇ ದಿಟ್ಟಿಸಿ ಅಂದರು:

"ಚಿಕ್ಕೋಳಿದ್ದಾಗ ಆ ಗುಡ್ಡದ ಸೌದೇನ ಇದೇ ತಲೆ ಮೇಲೆ ಹೊತ್ಕೊಂಡು ದಿನಾ ಇಳ್ದಿದೀನಿ ಕಣೋ ಕೋತಿ, ಈ ಬಟ್ಟೆ ಗುಡ್ಡ ಭಾರ ಆಗ್ತದಾ? ತೆಗಿ ಫೋಟೊ!"