ಸಮಾಧಾನದ ಬಾಣ

ನಮ್ಮ ಚಿಕ್ಕಪ್ಪನಿಗೆ ಸೈಕಲ್ ತುಳಿಯಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಈ ಬೆಟ್ಟದ ಜಲ್ಲಿ ದಾರಿಗಳಿಗೆ ದಪ್ಪ ಟೈರಿನ ಸೈಕಲ್ ತಂದು, ಕೆಸರು ಮೆತ್ತಿಕೊಂಡು ಸುತ್ತುವವರೆಲ್ಲ ಕಣ್ಣುಮುಚ್ಚಿ ನಂಬುವುದು ಚಿಕ್ಕಪ್ಪ ಬಳಿದ ಹಳದಿ ಬಾಣಗಳನ್ನು.

ಈ ದಾರಿಗಳು ಸೈಕಲ್ಲಿಗೆಂದು ಆದವಲ್ಲ. ಮರದ ದಿಮ್ಮಿ ಸಾಗಿಸುವ ಲಾರಿಗಳಿಗೆಂದು ಕಾಡು ಸೀಳಿ ಮಾಡಿದವು. ಚಿಕ್ಕಪ್ಪ ಆ ದಾರಿಗಳಿಗೆ ಜಲ್ಲಿ ಹಾಕಿ, ಹಳ್ಳ ಮುಚ್ಚಿ, ಚರಂಡಿ ಬಿಡಿಸಿ ಮುದುಕರಾದರು. ಆಮೇಲೆ ಲಾರಿ ನಿಂತವು, ದಾರಿ ಉಳಿಯಿತು. ನಾನು ಬೆಟ್ಟದ ಬುಡದಲ್ಲಿ ಸೈಕಲ್ ಅಂಗಡಿ ತೆರೆದಾಗ ದಾರಿ ಗುರುತು ಮಾಡಲು ಒಬ್ಬರು ಬೇಕಿತ್ತು. ಮನೆಯಲ್ಲೇ ಇಂಥವರಿರುವಾಗ ಊರೆಲ್ಲ ಹುಡುಕುವುದೇಕೆ?

ಅವರ ಕೆಲಸದಲ್ಲಿ ಒಂದು ವಿಶೇಷವಿತ್ತು. ಕವಲು ಬಂದಲ್ಲಿ ಎಲ್ಲರೂ ಒಂದು ಬಾಣ ಬರೆಯುತ್ತಾರೆ. ಚಿಕ್ಕಪ್ಪ ಕವಲು ದಾಟಿ ಸ್ವಲ್ಪ ದೂರ ನಡೆದು, ಅಲ್ಲೊಂದು ಮರಕ್ಕೆ ಇನ್ನೊಂದು ಬಾಣ ಬರೆಯುತ್ತಿದ್ದರು. ಬಣ್ಣ ದಂಡ ಅಂತ ನಾನು ಗೊಣಗಿದ್ದೆ.

"ಕವಲಲ್ಲಿ ಇರೋದು ಹುಕುಂ," ಅಂದರು. "ಇದು ಸಮಾಧಾನದ ಬಾಣ. ಸರಿಯಾಗಿ ಬಂದ್ವೋ ಇಲ್ವೋ ಅಂತ ಮನುಷ್ಯನಿಗೆ ಅಳುಕು ಹುಟ್ಟೋದು ತಿರುಗಿದ ಮೇಲೆ. ಆಗ ಯಾರಾದ್ರೂ ಹೂಂ ಅನ್ನಬೇಕು."

ಹೂಂ ಅನ್ನುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ನಮ್ಮ ಚಿಕ್ಕಮ್ಮ ಮಾತಿನಮಲ್ಲಿ. ಪಾತ್ರೆ ತೊಳೆಯುತ್ತ, ಬಟ್ಟೆ ಒಣಹಾಕುತ್ತ, ಹೊರಗಿನಿಂದ ಒಳಗೆ, ಒಳಗಿನಿಂದ ಹೊರಗೆ ಅವರ ಮಾತು ಹರಿಯುತ್ತಲೇ ಇರುತ್ತಿತ್ತು. ಚಿಕ್ಕಪ್ಪನದು ಬರೀ ಹೂಂ. ಇಬ್ಬರೂ ಸೇರಿ ಒಂದು ಸಂಸಾರವನ್ನು ಹಾಗೇ ಆಡಿ ಮುಗಿಸಿದರು. ಚಿಕ್ಕಮ್ಮ ತೀರಿಕೊಂಡ ಮೇಲೆ ಒಮ್ಮೆ ಅವರ ಮನೆಯಲ್ಲಿ ಉಳಿದುಕೊಂಡಿದ್ದೆ. ಬೆಳಿಗ್ಗೆ ಚಿಕ್ಕಪ್ಪ ಒಲೆ ಮುಂದೆ ನಿಂತು ಹಾಲು ಕಾಯಿಸುತ್ತಿದ್ದರು. ಯಾರೂ ಏನೂ ಕೇಳಿರಲಿಲ್ಲ. ಅವರು "ಹೂಂ" ಅಂದರು.

ಮನೆಯೆಂದರೆ ಬೆಟ್ಟದ ನೆತ್ತಿಗೆ ತುಸು ಕೆಳಗಿರುವ, ದಾರಿ ಕೆಲಸದವರಿಗೆ ಕಟ್ಟಿಸಿದ ಸಾಲುಮನೆಗಳಲ್ಲಿ ಕೊನೆಯದು. ಉಳಿದವುಗಳ ಬಾಗಿಲಿಗೆ ಬೀಗ, ಒಂದರ ಹೆಂಚಿನ ಮಾಡೇ ಕುಸಿದಿದೆ. ಎರಡು ಕೋಣೆ, ಅಡುಗೆಮನೆಯಲ್ಲಿ ಎರಡು ಕುರ್ಚಿ. ಒಂದರ ಮೇಲೆ ಈಗ ಬಣ್ಣದ ಡಬ್ಬಿಗಳು ಕೂತಿವೆ. ನಮ್ಮ ಜೊತೆ ಬಂದಿರಿ ಅಂದರೆ, "ಇಲ್ಲೇ ಆರಾಮಾಗಿದ್ದೀನಿ" ಎಂಬ ಒಂದೇ ರಾಗ. ಆರಾಮ ಎಷ್ಟಿತ್ತೆಂದು ಆ ಕುರ್ಚಿಯನ್ನು ನೋಡಿದರೆ ಸಾಕಿತ್ತು.

ಒಂದು ದಿನ ಅಂಗಡಿಗೆ ಬಂದು, ಚೈನಿಗೆ ಎಣ್ಣೆ ಬಿಡುತ್ತಿದ್ದ ನನ್ನ ಪಕ್ಕ ನಿಂತರು. ಆಮೇಲೆ, "ಆ ದೊಡ್ಡ ಸುತ್ತಿನ ದಾರೀನ ನಮ್ಮನೆ ಮುಂದೆ ಹಾಯಿಸೋಣವಾ? ಅಲ್ಲಿ ದಾರಿ ಚೆನ್ನಾಗಿದೆ," ಅಂದರು.

ದಾರಿಯ ಚೆಂದಕ್ಕಾಗಿ ಅವರು ಬೆಟ್ಟವಿಳಿದು ಬರಲಿಲ್ಲವೆಂದು ನನಗೆ ಗೊತ್ತಿತ್ತು. ಸರಿ ಅಂದೆ.

ಬಾಣ ಬರೆದರು. ಗೇಟಿನ ಪಕ್ಕ ಹಳೆಯ ಹಲಗೆಯಿಂದ ಬೆಂಚು ಮಾಡಿ, ಉಳಿದ ಹಳದಿ ಬಣ್ಣ ಬಳಿದರು. ನೀರಿನ ಕೊಡ, ಮುಚ್ಚಳದ ಡಬ್ಬಿಯಲ್ಲಿ ಬಿಸ್ಕತ್ತು. ರಜಾದಿನ ಒಗೆದ ಅಂಗಿ ಹಾಕಿಕೊಂಡು ನಿಂತರು. ಅವರಿಗೆ ಬೇಕಾದದ್ದು ಇಷ್ಟೇ: ಯಾರಾದರೂ ಒಬ್ಬರು ಇಳಿದು, ಕೂತು, ನಾಲ್ಕು ಮಾತಾಡಬೇಕು.

ಯಾರೂ ನಿಲ್ಲಲಿಲ್ಲ. ಸೈಕಲ್ಲುಗಳು ಬಂದವು, ಜಲ್ಲಿ ಸಿಡಿಸಿಕೊಂಡು ಹೋದವು. ಚಿಕ್ಕಪ್ಪ ಕೈ ಎತ್ತಿದರೆ ತಿರುಗಿ ಕೈ ಎತ್ತಿದವರೂ ಇಲ್ಲ.

"ಸೊಕ್ಕಿನ ಜನ," ಅಂತ ಮೊದಲು ಬೈದರು. ಆಮೇಲೆ "ನೀರು" ಎಂದು ದೊಡ್ಡ ಬೋರ್ಡು ಹಾಕಿದರು. ಬೆಂಚನ್ನು ದಾರಿಯ ಅಂಚಿಗೇ ಎಳೆದು ತಂದರು. ನಾನೂ ಹೊರಡುವವರಿಗೆಲ್ಲ, "ಹಳದಿ ಬೆಂಚಿನ ಹತ್ತಿರ ನಿಂತು ಹೋಗಿ" ಎಂದು ಹೇಳಿ ಕಳಿಸಿದೆ. ತಲೆಯಾಡಿಸಿ ಹೋದರು, ಅಷ್ಟೇ. ಬರಬರುತ್ತ ಬೈಗುಳ ಚಿಕ್ಕಪ್ಪನ ಕಡೆಗೇ ತಿರುಗಿತು. ಇದ್ದ ಗಡ್ಡವನ್ನು ನುಣ್ಣಗೆ ಬೋಳಿಸಿಕೊಂಡು ಅಂಗಡಿಗೆ ಬಂದವರು, ಟೈರು ತೂಗುಹಾಕಿದ್ದ ಗೋಡೆಯ ಕನ್ನಡಿಯಲ್ಲಿ ನೋಡಿಕೊಂಡು ಕೇಳಿದರು:

"ನನ್ನ ಮುಖ ನೋಡಿದ್ರೆ ಭಯ ಆಗತ್ತಾ?"

"ಏನ್ ಚಿಕ್ಕಪ್ಪ, ಬಿಟ್ಟಾಕಿ," ಅಂದು ನಗಿಸಲು ನೋಡಿದೆ. ಅವರು ನಗಲಿಲ್ಲ.

ಸೈಕಲ್ ಅಂಗಡಿಯವರಿಗೆ ಸೈಕಲ್ ತುಳಿಯಲು ಪುರುಸೊತ್ತಿರುವುದಿಲ್ಲ. ದಾರಿಯ ಆ ಹೊಸ ತುಂಡಿನಲ್ಲಿ ನಾನು ಒಮ್ಮೆಯೂ ಹೋಗಿರಲಿಲ್ಲ. ಒಬ್ಬರು ಬ್ರೇಕ್ ರಿಪೇರಿಗೆ ಬಿಟ್ಟಿದ್ದ ಸೈಕಲ್ಲನ್ನು ಪರೀಕ್ಷೆ ಮಾಡುವ ನೆಪದಲ್ಲಿ ಒಂದು ಬೆಳಿಗ್ಗೆ ಹೊರಟೆ. ನೆತ್ತಿಯವರೆಗೆ ಹತ್ತಿ, ಬಾಣ ನೋಡಿಕೊಂಡು ತಿರುಗಿದೆ, ಸಮಾಧಾನದ ಬಾಣವೂ ಸಿಕ್ಕಿತು. ಅಲ್ಲಿಂದ ನೆಲವೇ ಕಾಲಕೆಳಗಿಂದ ಜಾರಿದಂತಾಯಿತು. ಕಡಿದಾದ ಇಳಿಜಾರು, ಸಡಿಲ ಜಲ್ಲಿ. ಮುಂದಿನ ಬ್ರೇಕು ಜೋರಾಗಿ ಹಿಡಿದರೆ ನೆಲ ಕಚ್ಚುವುದೇ. ಎರಡು ಕೈಯನ್ನೂ ಬ್ರೇಕಿನ ಮೇಲಿಟ್ಟು, ಹಲ್ಲು ಕಚ್ಚಿ, ಕಣ್ಣನ್ನು ದಾರಿಗೇ ನೆಟ್ಟು ಇಳಿಯುತ್ತಿದ್ದೆ. ಪಕ್ಕದಲ್ಲಿ ಏನೋ ಹಳದಿ ಸರಿದು ಹೋಯಿತು. ಒಂದು ಒಗೆದ ಅಂಗಿ. ಎತ್ತಿದ ಒಂದು ಕೈ. ನನ್ನ ಸ್ವಂತ ಚಿಕ್ಕಪ್ಪ ಕೈ ಬೀಸುತ್ತಿದ್ದಾರೆ, ನಾನು ಕೈ ಎತ್ತಲಾರೆ!

ಸೈಕಲ್ ನಿಂತದ್ದು ಎಷ್ಟೋ ಕೆಳಗೆ. ತಳ್ಳಿಕೊಂಡು ವಾಪಸ್ಸು ಹತ್ತಿದೆ.

"ಚಿಕ್ಕಪ್ಪ, ಯಾಕೆ ಇಳಿಜಾರಲ್ಲಿ ಹಾಕಿದ್ರಿ?"

"ಪಾಪ, ಅಷ್ಟು ಹತ್ತಿ ಬಂದಿರ್ತಾರೆ. ನಮ್ಮನೆ ಹತ್ರನಾದ್ರೂ ಸುಖವಾಗಿ ಇಳೀಲಿ ಅಂತ."

ಜೀವಮಾನವೆಲ್ಲ ನಡೆದವರು ಅವರು. ನಡೆಯುವವನಿಗೆ ಇಳಿಜಾರೆಂದರೆ ಮಾತಾಡುತ್ತ ಹೋಗುವ ಜಾಗ, ಬೇಕಾದಲ್ಲಿ ನಿಲ್ಲಬಹುದು. ಆ ಮರ್ಯಾದೆಯನ್ನೇ ಸೈಕಲ್ಲಿನವರಿಗೂ ಮಾಡಿದ್ದರು.

"ಇಳಿಯೋರಿಗೆ ನಿಲ್ಲೋಕಾಗಲ್ಲ. ಬ್ರೇಕಿಂದ ಕೈ ತೆಗೆದ್ರೆ ಬೀಳ್ತಾರೆ. ನನಗೇ ಕೈ ಎತ್ತೋಕಾಗ್ಲಿಲ್ಲ."

ಅವರು ಇಳಿಜಾರನ್ನು ಮೇಲಿಂದ ಕೆಳಗೆ ನೋಡಿದರು.

"ಹಾಗಾದ್ರೆ ಸೊಕ್ಕಲ್ಲ?"

"ಅಲ್ಲ."

"ನನ್ನ ಮುಖಾನೂ ಅಲ್ಲ?"

"ಅಲ್ಲ ಚಿಕ್ಕಪ್ಪ."

ಅವರು ಬೆಂಚಿನ ಮೇಲೆ ಕೂತು, ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡರು. ಇಷ್ಟು ದಿನ ಅವರು ಆ ಮುಖವನ್ನು ಹೊತ್ತುಕೊಂಡು ಹೇಗೆ ಓಡಾಡಿದ್ದರೋ ಎಂದು ನೆನೆದು ನನಗೆ ತಡೆಯಲಾಗಲಿಲ್ಲ. ಬೇರೆ ಕಡೆ ತಿರುಗಿ ಸೈಕಲ್ಲಿನ ಬ್ರೇಕು ನೋಡುವವಳಂತೆ ಮಾಡಿದೆ.

ಮಾಡುವುದೇನು ಎಂಬುದು ಇಬ್ಬರಿಗೂ ಹೊಳೆದಿತ್ತು. ಸುತ್ತನ್ನು ತಿರುಗುಮುರುಗು ಮಾಡಬೇಕು. ಇಳಿಯುವಲ್ಲಿ ಹತ್ತಿಸಬೇಕು. ಗಿರಾಕಿಗಳು ಹಿಡಿಶಾಪ ಹಾಕುತ್ತಾರೆಂದು ಗೊತ್ತಿದ್ದೂ ಒಪ್ಪಿದೆ. ಚಿಕ್ಕಪ್ಪ ಒಂದೊಂದೇ ಬಾಣ ಕೆರೆದು ತೆಗೆದು, ಎದುರು ದಿಕ್ಕಿಗೆ ಬರೆದರು. ಸಮಾಧಾನದ ಬಾಣಗಳೂ ಕವಲಿನ ಆಚೆಯಿಂದ ಈಚೆಗೆ ಬಂದವು.

ಜನ ನಿಲ್ಲತೊಡಗಿದರು. ನಿಲ್ಲದೆ ಗತಿಯೇ ಇರಲಿಲ್ಲ. ಜೀವ ಬಾಯಿಗೆ ಬಂದು, ಹಳದಿ ಬೆಂಚು ಕಂಡದ್ದೇ ಸೈಕಲ್ ಬಿಸಾಡಿ ಕೂರುತ್ತಿದ್ದರು. ಆದರೆ ಏದುಸಿರಿನವರಿಗೆ ಮಾತೆಲ್ಲಿಂದ? ನೀರು ಕುಡಿದು, ಉಸಿರು ತಿರುಗಿದ್ದೇ ತಡ, ಎದ್ದು ಹೊರಡುವವರೇ.

ಆಮೇಲೆ ಒಂದು ದೂರು ಬಂತು. ಮೇಷ್ಟರಂತೆ ಮಾತಾಡುವ ಹೆಂಗಸೊಬ್ಬರು ಹೆಲ್ಮೆಟ್ಟನ್ನು ಕೌಂಟರಿನ ಮೇಲೆ ಕುಕ್ಕಿದರು. "ನಿಮ್ಮ ಬಾಣದ ತಾತ ಸುಳ್ಳು ಹೇಳ್ತಾರೆ. ಏರು ಇನ್ನೂ ಎಷ್ಟಿದೆ ಅಂದ್ರೆ, ತುಂಬಾ ಇದೆ, ಕೂತ್ಕೊಳ್ಳಿ ಅಂದ್ರು. ಹೆದರಿ ಎಷ್ಟು ಹೊತ್ತು ಕೂತೆ ಗೊತ್ತಾ? ಎದ್ದು ಒಂದು ತಿರುವು ದಾಟಿದ್ರೆ ಏರು ಮುಗಿದೇ ಹೋಯ್ತು!"

ನನಗೆ ಸಿಟ್ಟು ನೆತ್ತಿಗೇರಿತು. ಏನು ಬೇಕಾದರೂ ಸಹಿಸಬಹುದು, ದಾರಿಯ ವಿಷಯದಲ್ಲಿ ಸುಳ್ಳು ಹೇಳುವುದೆಂದರೇನು? ಅದೂ ಇವರು! ಮರುದಿನವೇ ಅಂಗಡಿ ಮುಚ್ಚಿ, ಚೆನ್ನಾಗಿ ನಾಲ್ಕು ಅಂದುಬಿಡಬೇಕೆಂದು ಸೈಕಲ್ ಹತ್ತಿದೆ. ಅಂದು ರಜೆಯಲ್ಲ, ದಾರಿಯಲ್ಲಿ ಒಂದು ಸೈಕಲ್ಲೂ ಇರಲಿಲ್ಲ. ಆದರೂ ಚಿಕ್ಕಪ್ಪ ಒಗೆದ ಅಂಗಿ ಹಾಕಿಕೊಂಡು ಗೇಟಿನ ಹತ್ತಿರ ನಿಂತಿದ್ದರು. ಬೆಂಚಿನ ಮೇಲೆ ಎಲೆ ಉದುರಿತ್ತು.

ಬೈಯಲು ಬಾಯಿ ತೆರೆದರೆ ಉಸಿರೇ ಇಲ್ಲ. ಹ್ಯಾಂಡಲ್ಲಿಗೆ ಜೋತುಬಿದ್ದು, ಸಿಕ್ಕಿಹಾಕಿಸಲೆಂದೇ ಕೇಳಿದೆ:

"ಇನ್ನೂ ಎಷ್ಟಿದೆ ಏರು?"

ಚಿಕ್ಕಪ್ಪ ತಿರುವಿನ ಕಡೆ ನೋಡಿದರು, ನನ್ನನ್ನು ನೋಡಿದರು. ಅದರಾಚೆ ಏನೂ ಇಲ್ಲವೆಂದು ನನಗೆ ಗೊತ್ತು. ನನಗೆ ಗೊತ್ತೆಂದು ಅವರಿಗೂ ಗೊತ್ತು. ಅವರು ಬೆಂಚಿನ ಮೇಲಿನ ಎಲೆಗಳನ್ನು ಕೈಯಿಂದ ಸರಿಸಿದರು.

"ತುಂಬಾ ಇದೆಯಮ್ಮ. ಕೂತ್ಕೋ."

ನಾನು ಕೂತೆ. ಅವರು ಮಾತು ಶುರು ಮಾಡಿದರು. ಚಿಕ್ಕಮ್ಮನ ವಿಷಯ, ಕುಸಿದ ಮಾಡಿನ ವಿಷಯ, ನಿನ್ನೆ ಕಂಡ ಒಂದು ಹಕ್ಕಿಯ ವಿಷಯ. ನಾನು ಹೂಂ ಅನ್ನುತ್ತ ಹೋದೆ.